ಇಂದ್ರಮ್ಮನ ರಂಗೋಲಿಯಲ್ಲಿ ಒಂದು ಮುಖ

ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಬೆಳಗಿನ ಐದೂವರೆಗೆ ಎರಡು ಸದ್ದು ಕೇಳುತ್ತವೆ. ಒಂದು ಹಾಲಿನವನ ಸ್ಕೂಟರು, ಇನ್ನೊಂದು ಪಕ್ಕದ ಮನೆಯ ಇಂದ್ರಮ್ಮನ ಪೊರಕೆ. ಅವರು ಮೊದಲು ತಮ್ಮ ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಾರೆ. ಆಮೇಲೆ, ಮೊನ್ನೆ ಮೊನ್ನೆಯವರೆಗೂ, ಬಕೆಟ್ಟು ಎತ್ತಿಕೊಂಡು ಎದುರಿನ ಸಮುದಾಯ ಭವನಕ್ಕೆ ಹೋಗಿ ಅಲ್ಲಿಯೂ ಅದೇ ಕೆಲಸ ಮಾಡುತ್ತಿದ್ದರು. ಭವನದ ಜಗುಲಿಯಲ್ಲಿ ಶನಿವಾರ ಶನಿವಾರ ಬೀದಿಯ ಹೆಣ್ಣುಮಕ್ಕಳಿಗೆ ರಂಗೋಲಿ ಕಲಿಸಲು ಸಮಿತಿಯವರು ಜಾಗ ಕೊಟ್ಟಿದ್ದರಲ್ಲ, ಅದಕ್ಕೆ ಪ್ರತಿಯಾಗಿ. ಗೇಟಿನ ಬೀಗದ ಕೈ ಆರು ವರ್ಷದಿಂದ ಅವರ ಸೆರಗಿನ ತುದಿಯಲ್ಲೇ ಇತ್ತು.

ಇಂದ್ರಮ್ಮನಿಗೆ ಅರವತ್ತೊಂದು ವರ್ಷ. ಕಲಿಯಲು ಬರುವ ಹುಡುಗಿಯರು ಹದಿನಾಲ್ಕು. ಬಣ್ಣದ ಪುಡಿಯನ್ನು ದೇವರಾಜ ಮಾರುಕಟ್ಟೆಯ ಒಂದೇ ಅಂಗಡಿಯಿಂದ ತರುತ್ತಾರೆ. ಬೇರೆ ಕಡೆಯ ನೀಲಿ ಅವರಿಗೆ ಹಿಡಿಸುವುದಿಲ್ಲ.

ಅವರು ಮನೆಯ ಮುಂದೆ ಮಾತ್ರ ರಂಗೋಲಿ ಹಾಕಿದವರಲ್ಲ. ಪೋಲಿಯೊ ಹನಿ ಹಾಕುವ ದಿನ ಆಸ್ಪತ್ರೆಯವರು ಕೇಳಿದಾಗ, ತೊಡೆಯ ಮೇಲೆ ಮಗು ಮಲಗಿಸಿಕೊಂಡ ತಾಯಿಯನ್ನು ಬರೆದರು. ಮತದಾನದ ವರ್ಷ ಶಾಯಿ ಹಚ್ಚಿದ ಬೆರಳು ಬರೆದರು. ಡೆಂಗಿ ಬಂದಾಗ ಬರೆದ ಸೊಳ್ಳೆಗೆ ಮೀಸೆ ಇಟ್ಟಿದ್ದರು. ಆ ಸೊಳ್ಳೆಯನ್ನು ನೋಡಿ ನಕ್ಕವರೇ ಮನೆಗೆ ಹೋಗಿ ಡ್ರಮ್ಮಿನ ಹಳೆಯ ನೀರು ಚೆಲ್ಲಿದ್ದು ನನಗೆ ಗೊತ್ತು. ನಾನೂ ಚೆಲ್ಲಿದೆ.

"ಇದು ಸರ್ಕಾರದವರ ಪ್ರಚಾರ ಅಲ್ವಾ ಇಂದ್ರಮ್ಮ? ನಿಮ್ಮ ಕಲೆ ಯಾವುದು ಇದರಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಮೀಸೆ ನನ್ದು ಕಣಮ್ಮ," ಎಂದಿದ್ದರು. "ಮಿಕ್ಕಿದ್ದು ಅವರ್ದೇ ಇರ್ಲಿ. ಹನಿ ಹಾಕ್ಸಿದ್ರೆ ಮಗೀಗೆ ಒಳ್ಳೇದು. ಅದನ್ನ ಹೇಳಕ್ಕೆ ನಂಗೇನು ಕಷ್ಟ?"

ಈ ವರ್ಷ ಭವನದ ಸಮಿತಿಯ ಅಧ್ಯಕ್ಷರಾದ ಶಿವರುದ್ರಪ್ಪನವರು ವಾರ್ಡಿನ ಚುನಾವಣೆಗೆ ನಿಲ್ಲುವುದೆಂದು ತೀರ್ಮಾನಿಸಿದರು. ಅವರ ಹಿಂದೆ ಓಡಾಡುವ ನಮ್ಮ ಬೀದಿಯ ಯೋಗೇಂದ್ರ ಒಂದು ಶುಕ್ರವಾರ ಇಂದ್ರಮ್ಮನ ಬಾಗಿಲಿಗೆ ಬಂದ.

"ಇಂದ್ರಕ್ಕ, ಭಾನುವಾರ ಹತ್ತು ಗಂಟೆಗೆ ಅಣ್ಣ ಭವನದಿಂದ್ಲೇ ಪ್ರಚಾರ ಶುರು ಮಾಡ್ತಾರೆ. ಬಾಗಿಲ ಮುಂದೆ ಅವರ ಮುಖ ಬಿಡ್ಬೇಕು. ಆರಡಿ. ಸುತ್ತ ನವಿಲು ಹಾಕ್ಬುಡಿ."

"ತುಳಿಯೋ ಜಾಗ ಕಣಪ್ಪ. ಅಲ್ಲಿ ಮುಖ ಬರೀಬಾರ್ದು ಅಂತ ನಮ್ಮತ್ತೆ ಹೇಳೋರು."

"ಹಗ್ಗ ಕಟ್ಟಿಸ್ತೀನಿ, ಯಾರೂ ತುಳಿಯಲ್ಲ." ಅವನು ದನಿ ತಗ್ಗಿಸಿದ. "ನೋಡಿ ಅಕ್ಕ, ಜಗುಲಿನ ಯೋಗ ಕ್ಲಾಸಿನವರೂ ಕೇಳ್ತಾವ್ರೆ. ಇಂದ್ರಕ್ಕನಿಗೇ ಇರ್ಲಿ ಅಂತ ನಾನೇ ಅಣ್ಣಂಗೆ ಹೇಳಿವ್ನಿ."

ಇಂದ್ರಮ್ಮ ಸೆರಗಿನ ತುದಿ ಮುಟ್ಟಿ ನೋಡಿಕೊಂಡರು. ಹದಿನಾಲ್ಕು ಹುಡುಗಿಯರನ್ನು ಇನ್ನೆಲ್ಲಿ ಕೂರಿಸುವುದು? ಆಗಲಿ ಎಂದರು.

ಶನಿವಾರ ಮಧ್ಯಾಹ್ನವೇ ಕೆಲಸ ಶುರುವಾಯಿತು. ಫೋಟೋದಲ್ಲಿದ್ದ ಶಿವರುದ್ರಪ್ಪನವರ ಹುಬ್ಬು ಗಂಟಾಗಿತ್ತು, ತುಟಿ ಬಿಗಿದಿತ್ತು. ಇಂದ್ರಮ್ಮನ ಕೈ ಅದನ್ನು ಹಾಗೇ ಬರೆಯಲಿಲ್ಲ. ಹುಬ್ಬು ಸಡಿಲವಾಯಿತು, ಕಣ್ಣ ಕೆಳಗಿನ ಕಪ್ಪು ಹೋಯಿತು, ತುಟಿಯಲ್ಲಿ ತಾತನ ನಗುವೊಂದು ಬಂತು. ಸಂಜೆಯ ಹೊತ್ತಿಗೆ ಬೀದಿಯೇ ನೆರೆಯಿತು.

ಇಂದ್ರಮ್ಮನ ಯಜಮಾನರು ಮರಿಯಯ್ಯನವರು ಸಿಟಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ನಿಧಾನವಾಗಿ ಒಂದು ಸುತ್ತು ಹಾಕಿ ನೋಡಿ, "ಶಿವರುದ್ರಪ್ಪನ ಹೆಂಡ್ತಿ ಇದ ನೋಡಿದ್ರೆ ಇವನ್ನೇ ಮನೆಗೆ ಕರ್ಕೊಂಡೋಗ್ತಾಳೆ, ಅವನ್ನ ಇಲ್ಲೇ ಬುಟ್ಟು," ಎಂದರು. ಎಲ್ಲರೂ ನಕ್ಕರು.

ನವಿಲಿನ ಗರಿಗೆ ಬಣ್ಣ ತುಂಬುತ್ತಿದ್ದ ಬಿಂದು ಮಾತ್ರ ನಗಲಿಲ್ಲ. ಏಳನೇ ತರಗತಿಯ ಹುಡುಗಿ. "ಅಜ್ಜಿ, ಅವರು ಹಿಂಗೇ ನಗ್ತಾರಾ? ನಾನು ಒಂದ್ಸಲಾನೂ ನೋಡಿಲ್ಲ," ಎಂದಳು.

"ಗರಿ ಮುಗ್ಸು ನೀನು," ಎಂದರು ಇಂದ್ರಮ್ಮ. ಆದರೆ ಮನೆಗೆ ಬರುವಾಗ ಎರಡು ಸಲ ತಿರುಗಿ ನೋಡಿದರು.

ಭಾನುವಾರ ಐದೂವರೆಗೆ ಎಂದಿನಂತೆ ಪೊರಕೆಯ ಸದ್ದು ಕೇಳಿತು. ಮೊದಲು ಅವರ ಮನೆ, ಆಮೇಲೆ ಭವನ. ನಾನು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದೆ. ನೀರು ಚೆಲ್ಲಿದ ಸದ್ದಿನ ಹಿಂದೆಯೇ "ಅಯ್ಯೋ ನನ್ನ ತಾಯಿ!" ಎಂಬ ಕೂಗು ಬಂತು. ಓಡಿ ಹೋದೆ.

ನಲವತ್ತು ವರ್ಷ ನಿದ್ದೆಗಣ್ಣಿನಲ್ಲೇ ಬಾಗಿಲು ತೊಳೆದ ಕೈ ಅದು. ಹಗ್ಗವನ್ನು ಪಕ್ಕಕ್ಕೆ ಸರಿಸಿ, ಗುಡಿಸಿ, ಒಂದು ಬಕೆಟ್ಟು ನೀರನ್ನೂ ಹಾಕಿತ್ತು. ಅರ್ಧ ಮೀಸೆ, ಒಂದು ಕಣ್ಣು, ಮೂರು ನವಿಲು ಉಳಿದಿದ್ದವು. ಮಿಕ್ಕ ಶಿವರುದ್ರಪ್ಪನವರು ಕೆಂಪು ನೀಲಿಯಾಗಿ ಚರಂಡಿಯ ಕಡೆ ಹರಿಯುತ್ತಿದ್ದರು.

ಮರಿಯಯ್ಯನವರೂ ಬಂದರು. "ಇನ್ನೂ ನಾಕು ಗಂಟೆ ಅದೆ. ಮುಖ ಒಂದೇ ಅಲ್ವಾ, ಬರ್ದ್ಬುಡು. ಪುಡಿ ತರ್ಲಾ?"

ಇಂದ್ರಮ್ಮ ಮೆಟ್ಟಿಲ ಮೇಲೆ ಕೂತು ಆ ಒಂಟಿ ಕಣ್ಣನ್ನು ಬಹಳ ಹೊತ್ತು ನೋಡಿದರು. ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ ಎದ್ದು, ಎರಡನೇ ಬಕೆಟ್ಟನ್ನು ತಾವೇ ಹಾಕಿದರು. ಒದ್ದೆ ಆರಿದ ಮೇಲೆ ಇಪ್ಪತ್ತೊಂದು ಚುಕ್ಕಿ ಇಟ್ಟು ಎಳೆ ಎಳೆದರು, ಅಂಚಿಗೆ ಕೆಮ್ಮಣ್ಣು ಬಳಿದರು. ಅದರಲ್ಲಿ ಯಾರ ಮುಖವೂ ಇರಲಿಲ್ಲ.

ಒಂಬತ್ತಕ್ಕೆ ಯೋಗೇಂದ್ರ ಹಾರ ಹಿಡಿದು ಬಂದ. "ಇಂದ್ರಕ್ಕ, ಅಣ್ಣ ಎಲ್ಲಿ?"

"ತೊಳ್ದ್ಬುಟ್ಟೆ ಕಣಪ್ಪ."

ಹತ್ತಕ್ಕೆ ಶಿವರುದ್ರಪ್ಪನವರ ಕಾರು ಬಂದಾಗ ಇಂದ್ರಮ್ಮ ತಾವೇ ಮುಂದೆ ಹೋದರು. ಮಳೆ ಬಂತು ಎಂದೋ, ದನ ತುಳಿಯಿತು ಎಂದೋ ಹೇಳಬಹುದಿತ್ತು.

"ಯಜಮಾನ್ರೆ, ನಿಮ್ಮ ಮುಖ ಬರ್ದಿದ್ದೆ. ಬೆಳಿಗ್ಗೆ ಕೈತಪ್ಪಿ ತೊಳ್ದೆ. ತಿರ್ಗಾ ಬರೀಬೋದಾಗಿತ್ತು. ಅದು ಮಾತ್ರ ಕೈತಪ್ಪಿದ್ದಲ್ಲ, ಬೇಕಂತ್ಲೇ ಬರೀಲಿಲ್ಲ."

"ಯಾಕೆ ಇಂದ್ರಮ್ಮನವರೇ?"

"ಅದ್ರಲ್ಲಿದ್ದ ನಗು ನಾನೇ ಮಾಡಿದ್ದು. ಮಗು ಕೇಳ್ತು, ಉತ್ರ ಹೇಳಕ್ಕಾಗ್ಲಿಲ್ಲ."

ಶಿವರುದ್ರಪ್ಪನವರ ಹುಬ್ಬು ಫೋಟೋದಲ್ಲಿದ್ದಂತೆಯೇ ಗಂಟಾಯಿತು. ರಂಗೋಲಿಯನ್ನು ತುಳಿಯದೆ ಸುತ್ತು ಬಳಸಿ ಒಳಗೆ ಹೋದರು. ಸಂಜೆ ಯೋಗೇಂದ್ರ ನೆಲ ನೋಡುತ್ತ ಬಂದು ಬೀಗದ ಕೈ ಕೇಳಿದ. ಇಂದ್ರಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟು, "ಕಾಫಿ ಕುಡ್ಕೊಂಡು ಹೋಗು," ಎಂದರು. ಕುಡಿದುಕೊಂಡೇ ಹೋದ.

ಜಗುಲಿಯಲ್ಲಿ ಈಗ ಯೋಗ ಕ್ಲಾಸು ನಡೆಯುತ್ತದೆ. ಇಂದ್ರಮ್ಮನ ಪಾಠ ಬೀದಿಗೆ ಬಂದಿದೆ. ಶನಿವಾರಕ್ಕೊಂದು ಮನೆಯ ಬಾಗಿಲಲ್ಲಿ ಹದಿನಾಲ್ಕು ಹುಡುಗಿಯರೂ ಸೇರುತ್ತಾರೆ, ಆ ಮನೆಯವರು ಗುಡಿಸಿ ನೀರು ಹಾಕಿ ಕಾದಿರುತ್ತಾರೆ. ನಮ್ಮ ಸರದಿಯ ದಿನ ಬಿಂದು ಬಿಟ್ಟ ಶಂಖ ನೋಡಿ ನನಗೆ ದೀಪ ಹಚ್ಚಿದಷ್ಟೇ ಸಂತೋಷವಾಯಿತು.

ಹೋದ ವಾರ ಕರೆದವರು ಯೋಗೇಂದ್ರನ ತಾಯಿ ವಸಂತಮ್ಮ. ರಂಗೋಲಿ ಗೇಟಿನಿಂದ ರಸ್ತೆಯವರೆಗೂ ಹರಡಿತ್ತು. ಪ್ರಚಾರ ಮುಗಿಸಿ ಬಂದ ಯೋಗೇಂದ್ರ ಗಾಡಿಯನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಗೆ ಆತುಕೊಂಡು ಅಡ್ಡಡ್ಡ ನಡೆದು ಒಳಗೆ ಹೋದ.

"ಜೋಪಾನ ಕಣೋ, ಎಳೆ ಕೆಡಿಸ್ಬುಟ್ಟೀಯ," ಎಂದರು ಇಂದ್ರಮ್ಮ, ತಲೆ ಎತ್ತದೆಯೇ.