ಮಗಳ ಹೆಸರಿನ ವಿಳಾಸ

ನಮ್ಮ ಮೇಡಂ ಅವರ ಎಡಹುಬ್ಬನ್ನು ಹಳೆಯ ಗಾಯವೊಂದು ಎರಡು ತುಂಡು ಮಾಡಿತ್ತು. ಸಿಟ್ಟು ಬಂದರೆ ಹೊರಗಿನ ತುಂಡು ಮಾತ್ರ ಮೇಲೇಳುತ್ತಿತ್ತು. ಬೆಳಗಾವಿ ಕಡೆಯವರು, ಮನೆ ಇದ್ದದ್ದು ಈ ಮರಾಠಿ ಊರಿನ ಅಂಚಿನ ನಿಗಡಿಯಲ್ಲಿ. ಲೋಕಲ್ ರೈಲು ಹಿಡಿದು ಶಿವಾಜಿನಗರದ ಆಫೀಸಿಗೆ ಬಂದು, ಎಲ್ಲರನ್ನೂ ಮರಾಠಿಯಲ್ಲಿ ಗದರಿಸಿ, ಮೈಸೂರಿನಿಂದ ಹೊಸದಾಗಿ ಬಂದಿದ್ದ ನನ್ನನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ನಾನು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿಸಿ, "ಈ ಸಾಲು ಯಾಕ ಅದ? ಗೊತ್ತಿಲ್ಲಂದ್ರ ತಗದು ಒಗಿ" ಅನ್ನೋರು. ಕೆಲಸ ಅಂತ ನಾನೇನಾದರೂ ಕಲಿತಿದ್ದರೆ ಆ ಬೈಗುಳದಿಂದಲೇ.

ಗಿರಾಕಿಗಳು ಡಿಜಿಟಲ್ ಹಣ ಕಳಿಸುವ ಕಂಪನಿಯ ಕ್ರಿಪ್ಟೊ ವಾಲೆಟ್ಟಿನ ವಿಳಾಸ ತನ್ನ ಮಗಳ ಹೆಸರಿನಿಂದ ಶುರುವಾಗಬೇಕೆಂಬ ಹುಚ್ಚು ಮಾಲೀಕನಿಗೆ ಹತ್ತಿತು. ಅಂಥ ವಿಳಾಸ ಸಿಗಬೇಕಾದರೆ ಕಂಪ್ಯೂಟರು ವಾಲೆಟ್ಟು ತೆರೆಯುವ ಗುಪ್ತ ಕೀಲಿಗಳನ್ನು ಒಂದಾದ ಮೇಲೊಂದು ಹುಟ್ಟಿಸುತ್ತ, ಕೀಲಿಯಿಂದ ಮೂಡುವ ವಿಳಾಸದಲ್ಲಿ ಬೇಕಾದ ಅಕ್ಷರಗಳು ಬರುವವರೆಗೆ ಹುಡುಕುತ್ತಲೇ ಇರಬೇಕು. ಕೀಲಿ ಹೊರಗಿನವರ ಕೈಗೆ ಸಿಗದಿರಲೆಂದು ಮೇಡಂ ನೆಟ್ ಕಿತ್ತ ಕಂಪ್ಯೂಟರೊಂದರಲ್ಲಿ ಅದನ್ನು ಓಡಲು ಬಿಟ್ಟರು. ನಾಲ್ಕು ದಿನವಾದರೂ ಹೆಸರು ಬರಲಿಲ್ಲ. ಮಾಲೀಕ ನನ್ನನ್ನು ಕರೆದು, ನಿಮಿಷದಲ್ಲಿ ಮಾಡಿಕೊಡುವ ವೆಬ್‌ಸೈಟುಗಳಿವೆಯಲ್ಲ ಎಂದ. ಮಾಡಿಕೊಟ್ಟೆ.

ಗೊತ್ತಾದಾಗ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಕೀಲಿ ಹುಟ್ಟಿಸಿದ ವೆಬ್‌ಸೈಟಿನಾಂವ ಒಂದು ಪ್ರತಿ ಇಟ್ಕೊಂಡಿಲ್ಲ ಅಂತ ಹೆಂಗ ನಂಬಿದಿ?" ಮಾಲೀಕನಿಗೂ ಹೇಳಿದರು, ಇವತ್ತೇ ಬದಲಾಯಿಸಿ ಎಂದು. ವಿಳಾಸ ಎಲ್ಲರಿಗೂ ಕಳಿಸಿಯಾಗಿದೆ ಎಂದು ಅವನು ನಕ್ಕ.

ಮೂರು ವಾರದಲ್ಲಿ ವಾಲೆಟ್ಟಿನಲ್ಲಿದ್ದ ಗಿರಾಕಿಗಳ ಮುಂಗಡವೆಲ್ಲ ಮಾಯವಾಯಿತು. ಗಿರಾಕಿಗಳನ್ನೂ ಸೇರಿಸಿದ ಮೀಟಿಂಗಿನಲ್ಲಿ ಮಾಲೀಕ ಮೇಡಂ ಕಡೆ ಬೆರಳು ಮಾಡಿ, ಕೀಲಿ ಮಾಡಿದ್ದು ಇವರೇ ಎಂದ. ಹಸಿ ಸುಳ್ಳು! ನಾನು ತಲೆ ತಗ್ಗಿಸಿ ಕೂತೆ. ಮೇಡಂ ಒಮ್ಮೆ ನನ್ನತ್ತ ನೋಡಿದರು. ನನ್ನ ಹೆಸರು ಹೇಳಲಿಲ್ಲ. ಅಂದೇ ಅವರನ್ನು ಕೆಲಸದಿಂದ ತೆಗೆದರು.

ಭಾನುವಾರ ನಿಗಡಿಗೆ ಹೋಗಿ ಬಾಗಿಲಲ್ಲೇ ಅತ್ತುಬಿಟ್ಟೆ.

"ತಪ್ಪಾಯ್ತು ಮೇಡಂ."

"ಅಲ್ಲಿ ಬಾಯಿ ಮುಚ್ಕೊಂಡು ಕೂತು, ಇಲ್ಲಿ ಬಂದು ಅಳತಿಯೇನು? ಸುಳ್ಳು ಎಲ್ಲಾರ ಮುಂದ ಹೇಳ್ಯಾರ. ಖರೇನೂ ಎಲ್ಲಾರ ಮುಂದ ಹೇಳು ಹೋಗು."

ಬಾಗಿಲು ಹಾಕಿಕೊಂಡರು.

ಸೋಮವಾರ ಅದೇ ಮೀಟಿಂಗ್ ಕೋಣೆಯಲ್ಲಿ ನಿಂತು, ಮಾಲೀಕನ ಮಾತಿಗೆ ಆ ಕೀಲಿ ಮಾಡಿದ್ದು ನಾನೇ ಎಂದು ಎಲ್ಲರ ಮುಂದೆ ಹೇಳಿದೆ. ಗಿರಾಕಿಗಳಿಗೆಲ್ಲ ಬರೆದೂ ಹಾಕಿದೆ. ಸಂಜೆಯೊಳಗೆ ನನ್ನ ಕೆಲಸವೂ ಹೋಯಿತು. ಮಾಲೀಕನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ತಲೆ ತಗ್ಗಿಸಿ ಕೂತಿದ್ದ ನನ್ನ ಮೇಲಿನದಂತೂ ದಿನಾ ಕುದಿಯುತ್ತದೆ.

ನನ್ನ ಪತ್ರ ಓದಿದ ಗಿರಾಕಿಯೊಬ್ಬರು ಮೇಡಂ ಅವರನ್ನು ಕರೆದು ಕೆಲಸ ಕೊಟ್ಟರಂತೆ. ನನ್ನ ಫೋನನ್ನು ಅವರು ಇವತ್ತಿಗೂ ಎತ್ತುವುದಿಲ್ಲ. ಎತ್ತಿ ಎಂದು ಕೇಳುವ ಮುಖ ನನಗಿಲ್ಲ.