ನವರಾತ್ರಿಯವರೆಗೆ ಬಾಳಬೇಕಾದ ಡಬ್ಬಿಗಳು

ಮಳೆಗಾಲದ ನಡುರಾತ್ರಿ ದಿಂಬಿನ ಪಕ್ಕದ ಫೋನು ಮೆಲ್ಲಗೆ ಒಮ್ಮೆ 'ಟಿಣ್' ಎಂದರೆ ನಾನು ಎದ್ದು ಕೂರುತ್ತೇನೆ. ಚೆಂಬೂರಿನ ಆಚೆಯ ಗುಡ್ಡದಲ್ಲಿ ಒಂದು ಡಬ್ಬಿ ಮಾತು ನಿಲ್ಲಿಸಿದೆ ಎಂದು ಅದರ ಅರ್ಥ. ಬ್ಯಾಟರಿ ಮುಗಿದಿರಬಹುದು, ಇಲ್ಲವೇ ಡಬ್ಬಿಯೇ ಮಣ್ಣಿನೊಂದಿಗೆ ಜಾರಿ ಹೋಗಿರಬಹುದು. ಎರಡಕ್ಕೂ ಸದ್ದು ಒಂದೇ. ಈ ಭಯವನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿ, ತಂತಿಯಿಲ್ಲದ ಸೆನ್ಸರ್ ಜಾಲಗಳ ಆಯುಷ್ಯವನ್ನು ಹೆಚ್ಚಿಸುವ ವಿದ್ಯೆಯಲ್ಲಿ ಈ ನಗರದ ಅಧ್ಯಾಪಕರ ಮೊದಲ ಸಾಲಿನಲ್ಲಿ ನಿಂತವರು, ಈ ತಿಂಗಳು ನಿವೃತ್ತರಾಗುತ್ತಿರುವ ನನ್ನ ಗುರುಗಳು, ಪ್ರೊಫೆಸರ್ ಮೋನಪ್ಪ ಕೋಟ್ಯಾನ್ ಅವರು.

ಅವರ ತಂದೆ ದಾದರಿನ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ಮಗ ಹಗಲು ಅಲ್ಲೇ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಉನ್ನತ ಪದವಿಗಳನ್ನು ಪಡೆದು ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಬಂದರು. ನಾನು ಮೊದಲು ಅವರ ವಿದ್ಯಾರ್ಥಿನಿ, ಬಳಿಕ ಸಹೋದ್ಯೋಗಿ. ಸ್ಟೇಷನ್ ತಲುಪಿದ ಮೇಲೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಮರಳುವವಳೆಂದು ವಿಭಾಗದವರೆಲ್ಲ ನನ್ನನ್ನು ನೋಡಿ ನಗುತ್ತಿದ್ದಾಗ, ಸರ್ ಗುಡ್ಡದ ಯೋಜನೆಗೆ ನನ್ನನ್ನೇ ಆರಿಸಿಕೊಂಡರು. “ಧೈರ್ಯದವರು ಬೇಡ ಮಾರಾಯ್ತಿ, ಅವರು ನಿದ್ದೆ ಮಾಡ್ತಾರೆ,” ಎಂದಿದ್ದರು.

ಆ ಇಳಿಜಾರಿನಲ್ಲಿ ಮನೆಗಳು ಒಂದರ ಹೆಗಲಿಗೊಂದು ಒರಗಿಕೊಂಡಿವೆ. ಮಣ್ಣಿನ ತೇವವನ್ನೂ ವಾಲುವಿಕೆಯನ್ನೂ ಅಳೆದು ರೇಡಿಯೋ ಮೂಲಕ ತಿಳಿಸುವ ಡಬ್ಬಿಗಳನ್ನು ಸರ್ ಅಲ್ಲಿ ಕೂರಿಸಿದರು. ನೀರು ಹೋಗದಂತೆ ಅಂಟು ಸುರಿದು ಮುಚ್ಚಿದ ಅವನ್ನು ಮಳೆಯಲ್ಲಿ ತೆರೆದು ಬ್ಯಾಟರಿ ಬದಲಿಸುವಂತಿಲ್ಲ. ಆದ್ದರಿಂದ ಡಬ್ಬಿ ಬಹುಪಾಲು ಹೊತ್ತು ನಿದ್ರಿಸಬೇಕು, ಆಗಾಗ ಎಚ್ಚೆತ್ತು ಅಳೆದು ತಿಳಿಸಿ ಮತ್ತೆ ನಿದ್ರಿಸಬೇಕು, ಹಾಗೆ ನವರಾತ್ರಿಯವರೆಗೆ ಬಾಳಬೇಕು. ಮೊದಲು ಸಾಯುವುದು ತೀರ ಕೆಳಗಿನ ಡಬ್ಬಿ. ಮೇಲಿನವುಗಳ ಮಾತನ್ನೆಲ್ಲ ದಾಟಿಸುವ ಹೊರೆ ಅದರದು. ಅದು ಸತ್ತರೆ ಉಳಿದವು ಬದುಕಿದ್ದೂ ಮೂಕ. ಇಂಥ ಹೊರೆಯನ್ನು ನೆರೆಯ ಡಬ್ಬಿಗಳಿಗೆ ಸರದಿಯಲ್ಲಿ ಹಂಚುವುದೇ ಸರ್ ಅವರ ಸಂಶೋಧನೆಯ ತಿರುಳು. ನಮ್ಮ ರಾತ್ರಿ ಕಾವಲನ್ನೂ ಅವರು ಹಾಗೆಯೇ ಹಂಚುತ್ತಿದ್ದರು; ಜೋರು ಮಳೆಯ ರಾತ್ರಿಗಳನ್ನು ಮಾತ್ರ ಯಾರಿಗೂ ಕೊಡದೆ ತಾವೇ ಇಟ್ಟುಕೊಳ್ಳುತ್ತಿದ್ದರು.

ಹಂಚಿಕೊಳ್ಳಲು ಜೊತೆ ಸಿಗದ ಕೆಳಗಿನ ಡಬ್ಬಿ ಇದ್ದುದು ರಾಚವ್ವನ ಹೊರಗೋಡೆಯಲ್ಲಿ. ಆಕೆ ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಹೋಗುವವರು. ಶಕ್ತಿ ಉಳಿಸಲೆಂದು ಹೋದ ವರ್ಷ ಸರ್ ಡಬ್ಬಿಗಳ ಕೆಂಪು ದೀಪವನ್ನು ಆರಿಸಿದ್ದರು. ಪರೀಕ್ಷೆಗೆಂದು, ಅಲುಗಾಡಿಸಿದರೆ ಎಚ್ಚೆತ್ತು ಒಮ್ಮೆ ಮಿನುಗುವಂತೆ ಬಿಟ್ಟಿದ್ದರು. ಆಷಾಢ ಮುಗಿಯುವ ಮೊದಲೇ ಆ ಡಬ್ಬಿಯ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಿತು. ಬದಲಿ ಡಬ್ಬಿ ಇರಲಿಲ್ಲ. ಊಟ ಸೇರದೆ ನಾನು ಲೆಕ್ಕ ಹಾಕುತ್ತಲೇ ಇದ್ದೆ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೊನೆಗೆ ಇಬ್ಬರೂ ಗುಡ್ಡಕ್ಕೆ ಹೋದೆವು.

ರಾಚವ್ವ ಏನನ್ನೂ ಮುಚ್ಚಿಡಲಿಲ್ಲ. “ದೀಪ ಆರಿದ ಮ್ಯಾಲ ಡಬ್ಬಿ ಸತ್ತೈತಿ ಅಂತ ಮಂದಿ ಅಂಜಿದ್ರರಿ. ಬಡದ್ರ ಒಮ್ಮಿ ಮಿಣುಕ್ ಅಂತೈತಿ. ಯಾರು ಬಂದು ಕೇಳಿದ್ರೂ ಬಡದು ತೋರಸ್ತೀನಿ, ಜೀವ ಐತಿ, ಮಲ್ಕೋರಿ ಅಂತೀನಿ.”

“ನೀವು ಬಡಿದಾಗೆಲ್ಲ ಅದರ ನಿದ್ದೆ ಕೆಡ್ತದೆ ರಾಚವ್ವ. ನಿದ್ದೆ ಕೆಟ್ಟರೆ ಅದು ಬಾಳುದಿಲ್ಲ,” ಎಂದರು ಸರ್.

“ಡಬ್ಬಿ ನಿದ್ದಿಗೆ ಲೆಕ್ಕ ಇಟ್ಟೀರಿ ಸಾಹೇಬ್ರ. ನಮ್ಮ ನಿದ್ದಿಗೆ ಇಟ್ಟೀರೇನು?”

ಬೇರೆಯವರಾಗಿದ್ದರೆ ಗದರಿಸುತ್ತಿದ್ದರು. ಸರ್ ಆಕೆಯ ಹೊಸ್ತಿಲಲ್ಲೇ ಲ್ಯಾಪ್‌ಟಾಪ್ ತೆರೆದು ಕುಳಿತು, ದಿನವೂ ದೀಪ ಹಚ್ಚುವ ಹೊತ್ತಿಗೆ ಡಬ್ಬಿ ಒಂದು ಸಲ ತಾನಾಗಿ ಮಿನುಗುವಂತೆ ಮಾಡಿದರು. ಸಂಜೆ ಓಣಿಯವರೆಲ್ಲ ಬಂದು ನಿಂತು ಅದನ್ನು ನೋಡಿ, ತಮ್ಮ ತಮ್ಮ ಮನೆಗೆ ಹೋದರು. ಬಡಿಯುವುದು ನಿಂತಿತು. ಅಲ್ಲಿಂದ ಮುಂದೆ ಉಳಿದಷ್ಟು ಬ್ಯಾಟರಿಯಲ್ಲಿ ಕಳೆದ ಒಂದೊಂದು ದಿನವನ್ನೂ ನಾನು ಬೆರಳು ಮಡಿಚಿ ಎಣಿಸಿದೆ.

ಗಣಪತಿ ವಿಸರ್ಜನೆ ಕಳೆದ ಮೇಲೆ, ಒಂದು ನಸುಕಿನಲ್ಲಿ ಮೇಲಿನ ಮಣ್ಣು ವಾಲತೊಡಗಿದ ಸುದ್ದಿ ಅದೇ ಡಬ್ಬಿಯ ಮೂಲಕ ಬಂತು. ಆ ರಾತ್ರಿ ಕಾವಲಿದ್ದ ಸರ್ ರಾಚವ್ವನಿಗೆ ಫೋನ್ ಮಾಡಿದರು. ಆಕೆ ಬಾಗಿಲು ಬಾಗಿಲು ಬಡಿದು ಓಣಿಯನ್ನು ಖಾಲಿ ಮಾಡಿಸಿದರು. ಮಣ್ಣು ಬಿದ್ದದ್ದು ಖಾಲಿ ಮನೆಗಳ ಮೇಲೆ. ಅದೇ ವಾರ ಡಬ್ಬಿಯ ಬ್ಯಾಟರಿ ಪೂರ್ತಿ ಮುಗಿಯಿತು. ನಡುವಿನ ಆ ಕೆಲವೇ ದಿನಗಳನ್ನು ನಾನು ಇಂದಿಗೂ ಮತ್ತೆ ಮತ್ತೆ ಎಣಿಸುತ್ತೇನೆ.

ಈ ಮೇ ತಿಂಗಳಲ್ಲಿ ಹೊಸ ಡಬ್ಬಿ ಕೂರಿಸಲು ಹೋದಾಗ, ತಾವು ನಿವೃತ್ತರಾಗುತ್ತಿರುವುದನ್ನು ಸರ್ ರಾಚವ್ವನಿಗೆ ತಿಳಿಸಿದರು. ಇನ್ನು ಬರುವುದಿಲ್ಲವೇ ಎಂದು ಆಕೆ ಕೇಳಿದರು. “ಕಾಲೇಜಿಗೆ ಹೋಗುದಿಲ್ಲ. ಗುಡ್ಡಕ್ಕೆ, ಕಾಲು ನಡೆಯುವವರೆಗೆ ಬರ್ತೇನೆ,” ಎಂದರು ಸರ್. ಆ ಕಾಲುಗಳಿಗೆ ಬಲವಿರಲಿ, ಆಯುಷ್ಯ ದೀರ್ಘವಾಗಲಿ, ಕೊಟ್ಟ ಮಾತು ಇನ್ನೂ ಅನೇಕ ಮಳೆಗಾಲ ನಡೆಯಲಿ ಎಂದು ಈ ಅಭಿನಂದನ ಗ್ರಂಥದ ಮೂಲಕ ತಲೆಬಾಗಿ ಹಾರೈಸುತ್ತೇನೆ.

ಸರ್ ಮುಂದೆ ಮೆಟ್ಟಿಲಿಳಿಯುತ್ತಿದ್ದಾಗ ರಾಚವ್ವ ನನ್ನನ್ನು ತಡೆದು ನಿಲ್ಲಿಸಿದರು. ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸರತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಸಾಹೇಬ್ರು ರಿಟೈರ್ ಆಗೂದು ನಾ ಓಣ್ಯಾಗ ಯಾರಿಗೂ ಹೇಳಂಗಿಲ್ರಿ. ಹೇಳಿದ್ರ ಈ ಮಳಿಗಾಲ ಒಬ್ರೂ ಕಣ್ಣು ಮುಚ್ಚಂಗಿಲ್ಲ.”