ಹುಳು ಮೇಯುವ ಸದ್ದು

ಶಕುನ, ಮುನ್ಸೂಚನೆ ಎಂದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆ ಎಂದಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಈ ಸಂಗತಿಯನ್ನು ಯಾವ ಲೆಕ್ಕಕ್ಕೆ ಹಾಕಲಿ, ನೀವೇ ಹೇಳಿ.

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ನನಗೆ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ನನ್ನಕ್ಕ. ಆದರೆ ದೇಹದ ಕಾವಲುಪಡೆಯಾದ ಟಿ ಕೋಶಗಳಿಗೆ ಪರಕೀಯವಾದದ್ದು ಕಂಡರಾಗದು; ಒಡಹುಟ್ಟಿದವಳದೆಂಬ ದಾಕ್ಷಿಣ್ಯವೂ ಇಲ್ಲ. ಅವನ್ನು ತಗ್ಗಿಸಿಡಲು ದಿನವೂ ಮಾತ್ರೆ ನುಂಗಬೇಕು. ತೀರಾ ತಗ್ಗಿದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ, ತಗ್ಗದಿದ್ದರೆ ಕಿಡ್ನಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಡಾಕ್ಟರು ಇದನ್ನು ವಿವರಿಸಿದಾಗ ನಮ್ಮಲ್ಲಿ ಮೊದಲು ಅರ್ಥವಾಯಿತೆಂದು ತಲೆಯಾಡಿಸಿದವಳು ಅಕ್ಕನೇ. ಅಕ್ಕೂರಿನಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ. ಹುಳುಗಳಿಗೆ ಸೋಂಕು ತಗಲೀತೆಂದು ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಬಾಗಿಲಲ್ಲಿ ಕೈಕಾಲು ತೊಳೆದು, ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಕನಕಪುರದ ನನ್ನ ಮನೆಗೂ ಅದೇ ಕಟ್ಟಳೆ ತಂದಳು. ನೆಗಡಿಯಾಗಿದ್ದ ಸೋದರಮಾವನನ್ನೇ ಗೇಟಿನಿಂದ ವಾಪಸು ಕಳಿಸಿದ ಗಟ್ಟಿಗಿತ್ತಿ! ಮಾವ ಮುನಿಸಿಕೊಂಡರು, ನಾನು ಬದುಕಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಕ್ಕ ಕಾಲೂ ತೊಳೆಯದೆ ನೇರ ಒಳಗೆ ಬಂದಳು. ಅವಳ ಹುಳುಗಳು ಕೊನೆಯ ಪೊರೆ ಕಳಚಿ ಹಗಲಿರುಳೂ ಸೊಪ್ಪು ಮೇಯುತ್ತಿದ್ದ ಹೊತ್ತು ಅದು. ಆಗ ಅವುಗಳನ್ನು ಬಿಟ್ಟು ಯಾರೂ ಊರು ದಾಟುವುದಿಲ್ಲ.

"ಏಳ್ಲಾ, ಆಸ್ಪತ್ರೆಗೆ ಹೋಗಾನ," ಎಂದಳು. "ಹುಳ ಮೇಯೋ ಸದ್ದು ಮಳೆ ಹುಯ್ದಂಗಿತ್ತು. ಒಂದೇ ಸಲಕ್ಕೆ ನಿಂತೋಯ್ತು ಕಣ್ಲಾ. ನಿನ್ ಗ್ಯಾನ ಬಂದ್ಬುಡ್ತು."

"ಚೆನ್ನಾಗಿವ್ನಿ ಕಣಕ್ಕ. ಮಾತ್ರೆ ಒಂದೂ ತಪ್ಸಿಲ್ಲ."

"ಒಸಿ ರಕ್ತ ಕೊಟ್ಟು ಬಂದ್ರೆ ನಿನ್ ಗಂಟೇನೋಯ್ತದೆ?"

ಜ್ವರವಿಲ್ಲ, ನೋವಿಲ್ಲ. ಅವಳ ಸಮಾಧಾನಕ್ಕೆಂದು ಹೊರಟೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ನೋಡಿದ ಡಾಕ್ಟರ ಮುಖ ಸಣ್ಣದಾಯಿತು. ಕಿಡ್ನಿಯ ಚೂರು ತೆಗೆದು ನೋಡಿದರು. ಮಾತ್ರೆಗೂ ಜಗ್ಗದೆ ಟಿ ಕೋಶಗಳು ಅದರ ಮೇಲೆ ಬಿದ್ದಿದ್ದವು. ಇಂಜೆಕ್ಷನ್ ಕೊಟ್ಟು, ಮಾತ್ರೆಯ ಪ್ರಮಾಣ ಬದಲಿಸಿ, ದಿನವೂ ರಕ್ತ ನೋಡಿ, ಕಿಡ್ನಿಯನ್ನು ಉಳಿಸಿಕೊಟ್ಟರು. ಅವರ ಋಣ ದೊಡ್ಡದು.

"ಎಷ್ಟೋ ಸಲ ಇದರಲ್ಲಿ ನೋವೇ ಇರೋದಿಲ್ಲ. ಮುಂದಿನ ತಪಾಸಣೆವರೆಗೆ ಕಾದಿದ್ದರೆ ಕಷ್ಟವಿತ್ತು. ಈಗಲೇ ಬರಬೇಕು ಅಂತ ಹೇಗೆ ಅನ್ನಿಸಿತು?" ಎಂದು ಡಾಕ್ಟರು ಕೇಳಿದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇಷ್ಟೇ ಆಗಿದ್ದರೆ ಹುಳುಗಳಿಗೊಂದು ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ಗುಣವಾದ ಮೇಲೆ, ಹುಳುಗಳ ಸದ್ದು ಹೇಗೆ ನಿಂತಿತೆಂದು ಭಾವನನ್ನು ಕೇಳಿದೆ. ಆ ಹೊತ್ತಿನಲ್ಲಿ ಅವರೂ ಅಕ್ಕನ ಪಕ್ಕದಲ್ಲೇ ನಿಂತು ಸೊಪ್ಪು ಹಾಕುತ್ತಿದ್ದರು.

"ನಿಲ್ಲೋದಾ? ಅವತ್ತು ಹುಳ ಒಂದು ಗಳಿಗೇನೂ ಬಾಯಿ ನಿಲ್ಲುಸ್ನಿಲ್ಲ ಕಣಪ್ಪ. ಸೊಪ್ಪು ಹಾಕಿ ಹಾಕಿ ನನ್ ಕೈ ಬಿದ್ದೋಯ್ತು," ಎಂದರು.

ಅಕ್ಕ ಸುಳ್ಳು ಹೇಳುವವಳಲ್ಲ, ಭಾವನೂ ಅಲ್ಲ. ಹಾಗಾದರೆ ಅವಳ ಕಿವಿಯಲ್ಲಿ ನಿಂತುಹೋದದ್ದು ಯಾವ ಸದ್ದು? ನನಗೆ ಇವತ್ತಿಗೂ ತಿಳಿಯದು. ಅವಳು ಹುಳುಮನೆಯಿಂದ ಫೋನ್ ಮಾಡಿದಾಗಲೆಲ್ಲ, ಅವಳ ಮಾತಿಗಿಂತ ಮೊದಲು ಅವಳ ಹಿಂದೆ ಹುಳು ಮೇಯುವ ಆ ಮಳೆಯಂಥ ಸದ್ದಿಗೆ ಕಿವಿಗೊಡುತ್ತೇನೆ.